ಸೂರು, ತೊಟ್ಟಿಲು, ನಡಾವಳಿ

ಮಂಡ್ಯ, ಮದ್ದೂರು, ಮಳವಳ್ಳಿಯ ಸ್ಥಳೀಯ ಸಭೆಗಳನ್ನು ಕುರಿತ ದತ್ತಿ ಉಪನ್ಯಾಸ

ಮಂಡ್ಯ ನಗರಸಭೆಗೆ ಸಚಿವ ಸಂಪುಟವಿಲ್ಲ. ಮದ್ದೂರಿಗೂ ಇಲ್ಲ, ಮಳವಳ್ಳಿಗೂ ಇಲ್ಲ. ಇಂಗ್ಲೆಂಡಿನಲ್ಲಿ 2000ರ ಸ್ಥಳೀಯ ಆಡಳಿತ ಕಾಯ್ದೆ ಬಂದ ಮೇಲೆ ಬಹುಪಾಲು ಪೌರ ಸಂಸ್ಥೆಗಳು ಒಬ್ಬ ನಾಯಕ ಮತ್ತು ಒಂದು ಪುಟ್ಟ ಸಂಪುಟದ ಕೈಗೆ ಬಂದವು. ಅಲ್ಲಿ ವಸತಿಯ ಹೊಣೆ ಒಬ್ಬರದಾದರೆ ರಸ್ತೆಯದು ಇನ್ನೊಬ್ಬರದು. ಮಕ್ಕಳ ವಿಷಯದಲ್ಲಂತೂ 2004ರ ಕಾಯ್ದೆ ಇನ್ನಷ್ಟು ಬಿಗಿಯಾಗಿದೆ. ಮಕ್ಕಳ ಸೇವೆಗಳಿಗೆ ಉತ್ತರ ಹೇಳಬೇಕಾದ ಸದಸ್ಯ ಯಾರು, ಅಧಿಕಾರಿ ಯಾರು ಎಂದು ಆ ಸೇವೆಗಳ ಹೊಣೆ ಹೊತ್ತ ಪ್ರತಿ ಸಂಸ್ಥೆಯೂ ಹೆಸರಿಸಲೇಬೇಕು. ಕರ್ನಾಟಕ ಹಿಡಿದ ದಾರಿ ಬೇರೆ. ಇಲ್ಲಿನ ಪಟ್ಟಣಗಳಲ್ಲಿ 1964ರ ಪೌರಸಭೆಗಳ ಕಾಯ್ದೆಯಂತೆ ಸಾಮಾನ್ಯ ಸಭೆ ಮತ್ತು ಸ್ಥಾಯಿ ಸಮಿತಿ ತೀರ್ಮಾನಿಸುತ್ತವೆ. ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ವಾರ್ಡ್ ಸಭೆ, ಗ್ರಾಮಸಭೆ, ಅದರ ಮೇಲೆ ಪಂಚಾಯಿತಿಯ ಸಭೆ. ಎಲ್ಲ ತೀರ್ಮಾನವೂ ಕಡೆಗೆ ಬಂದು ಕೂರುವುದು ನಡಾವಳಿ ಪುಸ್ತಕದಲ್ಲಿ.

ಆ ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಬೇಕು. ಮೊದಲು ಹಾಜರಾತಿ, ಸಹಿ, ಅಲ್ಲಲ್ಲಿ ಹೆಬ್ಬೆಟ್ಟು. ಆಮೇಲೆ ‘ವಿಷಯ’, ಅದರ ಕೆಳಗೆ ‘ಚರ್ಚಿಸಲಾಯಿತು’, ಅದರ ಕೆಳಗೆ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’. ಒಬ್ಬ ವಿಧವೆಗೆ ಮನೆ ಸಿಕ್ಕಿತೇ ಇಲ್ಲವೇ, ಅಂಗನವಾಡಿಯ ಒಡೆದ ಛಾವಣಿಗೆ ಹಣ ಇಟ್ಟರೇ ಇಲ್ಲವೇ ಎನ್ನುವುದು ಆ ಎರಡು ಮೂರು ಸಾಲಿನಲ್ಲಿ ಇತ್ಯರ್ಥವಾಗಿರುತ್ತದೆ. ಆ ಸಾಲು ಬರೆಯುವಾಗ ಆ ಹೆಣ್ಣುಮಗಳು ಎದುರಿಗೆ ಕುಳಿತಿದ್ದಳೇ? ಪುಸ್ತಕ ಮುಚ್ಚುವ ಮುನ್ನ ಅವಳಿಗೆ ಅದನ್ನು ಓದಿ ಹೇಳಿದರೇ? ಈ ಉಪನ್ಯಾಸದ ಕಾಳಜಿ ಈ ಎರಡು ಪ್ರಶ್ನೆಗಳಲ್ಲಿದೆ. ಮನೆ ಮತ್ತು ಮಗುವಿಗೆ ಸಂಬಂಧಿಸಿದ ತೀರ್ಮಾನ ಅದರ ಫಲ ಉಣ್ಣುವವರ ಕಣ್ಣೆದುರಿನ ಸಭೆಯಲ್ಲೇ ಆಗಬೇಕು. ಆ ಸಭೆ ಹಳ್ಳಿಯಲ್ಲಿ ಬಲಗೊಳ್ಳಬೇಕು, ಪಟ್ಟಣದಲ್ಲಿ ಹೊಸದಾಗಿ ಹುಟ್ಟಬೇಕು.

ಸಭೆ ಬಂದ ದಾರಿ

ಈ ನೆಲಕ್ಕೆ ಸಭೆ ಸೇರುವುದು ಹೊಸತಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ನಿಷೇಧದ ನಡುವೆಯೂ ಜನ ಸೇರಿ ಧ್ವಜ ಏರಿಸಿದ ಆ ಸಭೆಯ ನೆನಪಿಗೆ ಹೆದ್ದಾರಿ ಬದಿಯ ಸತ್ಯಾಗ್ರಹ ಸೌಧ ಇಂದಿಗೂ ನಿಂತಿದೆ. ಮರುವರ್ಷ, 1939ರಲ್ಲಿ, ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯಾಯಿತು.

ಹಳ್ಳಿಯ ಸಭೆಗೆ ನಿಜವಾದ ಅಧಿಕಾರ ಬರಲು ಮತ್ತೂ ಐವತ್ತು ವರ್ಷ ಹಿಡಿಯಿತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್, ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು, 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ತಂದರು. 1987ರಲ್ಲಿ ಚುನಾವಣೆ ನಡೆದಾಗ ಕಾಲು ಭಾಗದಷ್ಟು ಸ್ಥಾನ ಮಹಿಳೆಯರದಾಗಿತ್ತು. ದೇಶ ಆ ದಾರಿಗೆ ಬಂದದ್ದು 1993ರಲ್ಲಿ, ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳ ಮೂಲಕ. ಹನ್ನೊಂದನೇ ಅನುಸೂಚಿ ಪಂಚಾಯಿತಿಗಳಿಗೆ 29 ವಿಷಯಗಳನ್ನು ಹೆಸರಿಸಿತು. ಗ್ರಾಮೀಣ ವಸತಿ ಅದರಲ್ಲಿದೆ, ಪ್ರಾಥಮಿಕ ಶಿಕ್ಷಣವಿದೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿಯೂ ಇದೆ. ಪಟ್ಟಣಗಳಿಗಾಗಿ ಬರೆದ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಕೊಳೆಗೇರಿ ಸುಧಾರಣೆ, ನಗರ ಬಡತನ ನಿವಾರಣೆ ಸೇರಿವೆ, ಮಕ್ಕಳ ಅಭಿವೃದ್ಧಿ ಎಂಬ ಬಾಬತ್ತು ಪ್ರತ್ಯೇಕವಾಗಿ ಇಲ್ಲ. ಹಳ್ಳಿಯ ಮಗುವಿಗೂ ಪಟ್ಟಣದ ಮಗುವಿಗೂ ನಡುವಿನ ಈ ಅಂತರ ಕಾಗದದ ಮೇಲೆ ಚಿಕ್ಕದಾಗಿ ಕಂಡರೂ ಸಭೆಯ ಅಜೆಂಡಾದಲ್ಲಿ ದೊಡ್ಡದಾಗುತ್ತದೆ.

ಸೂರಿನ ಪಟ್ಟಿ

ಕರ್ನಾಟಕದಲ್ಲಿ ಬಡವರ ಮನೆಗೆ ‘ಆಶ್ರಯ ಮನೆ’ ಎಂಬ ಹೆಸರು ಅಂಟಿದ್ದು 1990ರ ದಶಕದ ಆರಂಭದಲ್ಲಿ. ಯೋಜನೆಗಳ ಹೆಸರು ಆಮೇಲೆ ಎಷ್ಟು ಬದಲಾದರೂ ಜನ ಇಂದಿಗೂ ಆಶ್ರಯ ಮನೆ ಎಂದೇ ಕರೆಯುತ್ತಾರೆ. 2000ರಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾದಾಗ ಮುಖ್ಯಮಂತ್ರಿಯಾಗಿದ್ದವರು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ, ಕೇಂದ್ರದ ಪ್ರಧಾನಮಂತ್ರಿ ಆವಾಸ್ ಎಲ್ಲವೂ ಇಂದು ಈ ನಿಗಮದ ಕಂಪ್ಯೂಟರಿನ ಮೂಲಕವೇ ಹಾಯುತ್ತವೆ.

ಹಳ್ಳಿಯಲ್ಲಿ ಫಲಾನುಭವಿಯನ್ನು ಆರಿಸುವ ಹಕ್ಕು ಗ್ರಾಮಸಭೆಯದು. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಮತದಾರರಲ್ಲಿ ಹತ್ತನೆಯ ಒಂದು ಭಾಗ ಅಥವಾ ನೂರು ಮಂದಿ, ಇವೆರಡರಲ್ಲಿ ಕಡಿಮೆಯಾದಷ್ಟು ಜನ ಬಂದರೆ ಕೋರಂ ಆಯಿತು. ಅಷ್ಟೂ ಬಾರದ ಊರುಗಳಲ್ಲಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಪಟ್ಟಿಗೆ ಮೊದಲ ಪೆಟ್ಟು ಬೀಳುವುದು ಅಲ್ಲೇ. ಸಭೆಯಲ್ಲಿ ಜನ ತುಂಬಿದ್ದರೆ, ತಾರಸಿ ಮನೆ ಇರುವವನ ಹೆಸರು ಓದಿದ ಕೂಡಲೇ ಹಿಂದಿನ ಸಾಲಿನಿಂದ ‘ಅವನಿಗ್ಯಾಕ್ರೀ ಮನೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಒಂದು ಪ್ರಶ್ನೆ ಮಾಡುವಷ್ಟು ಕೆಲಸವನ್ನು ಯಾವ ತನಿಖಾ ತಂಡವೂ ಮಾಡಲಾರದು.

ಹೆಸರು ಬಂತು ಎಂದ ಮಾತ್ರಕ್ಕೆ ಮನೆ ಎದ್ದಿತು ಎಂದಲ್ಲ. ಹಣ ಬರುವುದು ಕಂತಿನಲ್ಲಿ. ತಳಪಾಯಕ್ಕೆ ಒಂದು, ಲಿಂಟಲ್‌ಗೆ ಒಂದು, ಛಾವಣಿಗೆ ಒಂದು, ಕೆಲಸ ಪೂರ್ಣವಾದ ಮೇಲೆ ಕೊನೆಯದು. ಪ್ರತಿ ಹಂತದಲ್ಲೂ ಮನೆಯೊಡತಿಯನ್ನು ಗೋಡೆಯ ಮುಂದೆ ನಿಲ್ಲಿಸಿ ಜಿಪಿಎಸ್ ಫೋಟೊ ತೆಗೆದು ಏರಿಸಬೇಕು. ಬಯಲು ಸೀಮೆಯಲ್ಲಿ ಆವಾಸ್ ಗ್ರಾಮೀಣಕ್ಕೆ ನಿಗದಿಯಾದ ಸಹಾಯಧನ 1.20 ಲಕ್ಷ ರೂಪಾಯಿ. ಇಟ್ಟಿಗೆ, ಸಿಮೆಂಟು, ಕಬ್ಬಿಣ, ಗಾರೆ ಕೆಲಸದವರ ಕೂಲಿ ಲೆಕ್ಕ ಹಾಕಿದವರಿಗೆ ಇದು ಎಲ್ಲಿವರೆಗೆ ಬರುತ್ತದೆ ಎಂಬುದು ಗೊತ್ತು. ಕೈಸಾಲ ಹುಟ್ಟದವರ ಮನೆ ಲಿಂಟಲ್‌ಗೆ ನಿಲ್ಲುತ್ತದೆ. ಅವಧಿಯೊಳಗೆ ಪಾಯ ಹಾಕದಿದ್ದರೆ ಮನೆ ‘ಬ್ಲಾಕ್’ ಆಗುತ್ತದೆ. ಮದ್ದೂರು, ಮಳವಳ್ಳಿ ಸೀಮೆಯ ರೈತರಿಗೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಪಾಡು ಚೆನ್ನಾಗಿ ಗೊತ್ತು. ಕಟ್ಟೆಯಲ್ಲಿ ನೀರು ಬಿಟ್ಟ ಸುದ್ದಿ ಬಂದರೂ ಗದ್ದೆಗೆ ಹನಿ ಬರದು. ವಸತಿಯ ಹಣವೂ ಹಾಗೆಯೇ ಮೇಲಿನಿಂದ ಹರಿದು ಕೊನೆಯ ಮನೆಗೆ ಬರುವಷ್ಟರಲ್ಲಿ ಸೊರಗಿರುತ್ತದೆ.

ಮೇಲಿನ ಸೋರಿಕೆಯ ಮಾತನ್ನು ಜನಪ್ರತಿನಿಧಿಗಳೇ ಆಡಿದ್ದಾರೆ. ಮನೆ ಹಂಚಿಕೆಗೆ ಹಣ ಕೇಳಲಾಗುತ್ತಿದೆ ಎಂದು ಆಳಂದದ ಶಾಸಕ ಬಿ.ಆರ್. ಪಾಟೀಲ್ 2025ರ ಜೂನ್‌ನಲ್ಲಿ ಆರೋಪಿಸಿದಾಗ ರಾಜ್ಯದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಆ ಆರೋಪದ ಸತ್ಯಾಸತ್ಯ ತನಿಖೆಗೆ ಬಿಟ್ಟದ್ದು. ಆದರೆ ಪಟ್ಟಿ ಗ್ರಾಮಸಭೆಯಲ್ಲೇ ಹುಟ್ಟಿ, ಗ್ರಾಮಸಭೆಯಲ್ಲೇ ಓದಿ, ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸಿದ್ದರೆ ಅಂಥ ವ್ಯವಹಾರಕ್ಕೆ ಎಡೆ ಕಡಿಮೆ.

ಪಟ್ಟಣದಲ್ಲಿ ಈ ಕ್ರಮವೇ ಇಲ್ಲ. ಮಂಡ್ಯ ನಗರದಲ್ಲಿ, ಮಳವಳ್ಳಿಯಲ್ಲಿ ನಿವೇಶನ ಮತ್ತು ಮನೆಗೆ ಫಲಾನುಭವಿಗಳನ್ನು ಆರಿಸುವುದು ಆಶ್ರಯ ಸಮಿತಿ, ಅದರ ಅಧ್ಯಕ್ಷತೆ ಶಾಸಕರದು. ಕೊಳೆಗೇರಿಯ ಮನೆಗಳನ್ನು ಕಟ್ಟುವುದು 1973ರ ಕಾಯ್ದೆಯಡಿ ಬಂದ ಕೊಳಗೇರಿ ಅಭಿವೃದ್ಧಿ ಮಂಡಳಿ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಹಕ್ಕುಪತ್ರಕ್ಕೆ ಭೂಕಂದಾಯ ಕಾಯ್ದೆಯ 94ಸಿಸಿ ಅರ್ಜಿ ಹಿಡಿದು ತಹಶೀಲ್ದಾರರ ಬಳಿ ಹೋಗಬೇಕು. ಕಂದಾಯ ಬಡಾವಣೆಯ ಮನೆಗಳಿಗೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಬಿ-ಖಾತಾ ಅಭಿಯಾನ ಘೋಷಿಸಿದಾಗ ನಗರಸಭೆಯ ಕೌಂಟರಿನ ಮುಂದೆ ಜನ ಸಾಲುಗಟ್ಟಿದರು. ಖಾತೆ ನಗರಸಭೆಯದು, ಹಕ್ಕುಪತ್ರ ತಾಲ್ಲೂಕು ಕಚೇರಿಯದು, ಮನೆ ಮಂಡಳಿಯದು, ಪಟ್ಟಿ ಶಾಸಕರ ಸಮಿತಿಯದು. ಬಾಡಿಗೆ ಮನೆಯ ಗಾರ್ಮೆಂಟ್ಸ್ ಹೆಣ್ಣುಮಗಳೊಬ್ಬಳು ರಜೆ ಹಾಕಿ ಎಷ್ಟು ಬಾಗಿಲು ತಟ್ಟಬೇಕು?

ತೊಟ್ಟಿಲ ಬಾಬತ್ತು

ಅಂಗನವಾಡಿಯ ಚರಿತ್ರೆ ಈ ಸೀಮೆಗೆ ತೀರಾ ಹತ್ತಿರದ್ದು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮಳವಳ್ಳಿಯ ನೆರೆಯ ತಿ. ನರಸೀಪುರ, ಬರೀ 100 ಅಂಗನವಾಡಿಗಳೊಂದಿಗೆ. ಇಂದು ಅಂಗನವಾಡಿ ಇಲ್ಲದ ಊರು ಹುಡುಕಬೇಕು. 2013ರ ಆಗಸ್ಟ್‌ನಲ್ಲಿ ಬಂದ ಕ್ಷೀರಭಾಗ್ಯ ಮಕ್ಕಳ ಲೋಟಕ್ಕೆ ಹಾಲು ತಂದಿತು. ಮಂಡ್ಯ ಜಿಲ್ಲೆಯ ಹಾಲು ಒಕ್ಕೂಟದ ಡೇರಿ ಇರುವುದೂ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ. 2017ರ ಮಾತೃಪೂರ್ಣ ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟ ಕೊಟ್ಟಿತು.

ಆದರೆ ಬೆಳಿಗ್ಗೆ ಬೀಗ ತೆಗೆಯುವ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಇನ್ನೊಂದು ಚಿತ್ರ ಸಿಗುತ್ತದೆ. ಗೌರವಧನ, ಆಹಾರ ಸಾಮಗ್ರಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಿಂದ ಬರಬೇಕು. ನಲ್ಲಿಯಲ್ಲಿ ನೀರು ಬಾರದಿದ್ದರೆ ಹೇಳಬೇಕಾದ್ದು ಪಂಚಾಯಿತಿಗೆ. ಸೋರುವ ಛಾವಣಿಯ ದುರಸ್ತಿಗೆ ಒಮ್ಮೆ ಇಲಾಖೆ, ಒಮ್ಮೆ ಪಂಚಾಯಿತಿ, ಒಮ್ಮೆ ಶಾಸಕರ ಅನುದಾನ. ಮಗುವಿನ ತೂಕ, ಗರ್ಭಿಣಿಯ ತಿಂಗಳು, ಚುಚ್ಚುಮದ್ದಿನ ದಿನ ಎಲ್ಲ ಅವಳ ದಾಖಲೆಯಲ್ಲಿ ಇರುತ್ತವೆ. ಆ ದಾಖಲೆ ಪಂಚಾಯಿತಿಯ ಸಭೆಯ ಮೇಜಿಗೆ ಬರುವುದು ಮಾತ್ರ ಅಪರೂಪ.

ಬಂದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು ಎಂಬುದಕ್ಕೆ ಜಿಲ್ಲೆಯ ಅತ್ಯಂತ ನೋವಿನ ಪ್ರಸಂಗವೇ ಸಾಕ್ಷಿ. 2023ರ ನವೆಂಬರ್‌ನಲ್ಲಿ ಭ್ರೂಣಲಿಂಗ ಪತ್ತೆ ಜಾಲವೊಂದನ್ನು ಬೆಂಗಳೂರು ಪೊಲೀಸರು ಭೇದಿಸಿದಾಗ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾಯಿತು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣು ಹಸುಳೆಗಳ ಲೆಕ್ಕ ಚುಕ್ತಾ ಆಗುತ್ತಿತ್ತು. ಅದನ್ನು ನಿಷೇಧಿಸಿದ ಕಾಯ್ದೆ 1994ರಷ್ಟು ಹಳೆಯದು. ಕಾಯ್ದೆಗೆ ಕಾಣದ್ದು ಊರಿಗೆ ಕಾಣುತ್ತದೆ. ಐದನೇ ತಿಂಗಳಲ್ಲಿ ದಾಖಲೆಯಲ್ಲಿದ್ದ ಗರ್ಭಿಣಿ ಆರನೇ ತಿಂಗಳಲ್ಲಿ ಏಕಿಲ್ಲ ಎಂದು ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ ಗೊತ್ತಾಗುತ್ತದೆ. ಹೆಣ್ಣಿನ ಹೆಸರು, ಮನೆತನದ ಮಾನ ಬೀದಿಗೆ ಬಾರದಂತೆ, ಬರೀ ಸಂಖ್ಯೆಯನ್ನು ತಿಂಗಳಿಗೊಮ್ಮೆ ಪಂಚಾಯಿತಿಯ ಸಾಮಾಜಿಕ ನ್ಯಾಯ ಸಮಿತಿಯ ಮುಂದಿಟ್ಟು ಚರ್ಚಿಸಲು ಯಾವ ಅಡ್ಡಿಯೂ ಇಲ್ಲ.

ದಾರಿ ತೋರಿಸಿದ ಪ್ರಯತ್ನಗಳು ರಾಜ್ಯದಲ್ಲೇ ಇವೆ. ಕುಂದಾಪುರ ಸೀಮೆಯ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿ ನಡೆಯಿತು. ಶಾಲೆಗೆ ಹೋಗುವ ದಾರಿಯ ಸಂಕದಿಂದ ಹಿಡಿದು ಊರಿನ ಸಾರಾಯಿ ಕಾಟದವರೆಗೆ ಇಂಥ ಪಂಚಾಯಿತಿಗಳಲ್ಲಿ ಮಕ್ಕಳು ಮಾತಾಡಿದರು. ಅದರ ಹುರುಪಿನಲ್ಲಿ ಮಕ್ಕಳ ಹಕ್ಕುಗಳ ಗ್ರಾಮಸಭೆ ರಾಜ್ಯದ ಎಲ್ಲ ಪಂಚಾಯಿತಿಗಳಿಗೂ ಬಂತು. 2019ರಲ್ಲಿ ಪಂಚಾಯಿತಿಯ ಕೈಗೆ ಬಂದ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, ಮಕ್ಕಳ ಚದುರಂಗದ ಮಣೆಗೂ ಕಥೆಪುಸ್ತಕಕ್ಕೂ ಜಾಗ ಕೊಟ್ಟವು. 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಣೆಯಾಯಿತು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಿ ಎಳೆಗೂಸನ್ನು ಅಲ್ಲಿ ಬಿಟ್ಟು ಹೋಗಬಹುದು. ನೋಡಿಕೊಳ್ಳುವವರೂ ಅದೇ ಊರಿನ ತರಬೇತಿ ಪಡೆದ ಮಹಿಳೆಯರು. ಮರದ ಕೊಂಬೆಗೆ ಸೀರೆ ಕಟ್ಟಿ ಮಗು ಮಲಗಿಸಿ ಹೂಳೆತ್ತಲು ಇಳಿದ ತಾಯಂದಿರಿಗೆ ಈ ಏರ್ಪಾಡು ಎಷ್ಟು ದೊಡ್ಡದು ಎಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನೂ ಮುಂದೆ ಹೋದ ಮಾದರಿ ಬೇಕೆಂದರೆ ಗಡಿ ದಾಟಿ ಕಾಸರಗೋಡಿನ ಕನ್ನಡ ನೆಲವನ್ನು ನೋಡಬಹುದು. ಮಂಜೇಶ್ವರ, ಕುಂಬಳೆಯ ಪಂಚಾಯಿತಿಗಳು ಕೇರಳದವು. ಅಲ್ಲಿ 1990ರ ದಶಕದ ಮಧ್ಯದಲ್ಲೇ ಅಂಗನವಾಡಿಗಳು ಸ್ಥಳೀಯ ಸಂಸ್ಥೆಗಳಿಗೆ ಹಸ್ತಾಂತರವಾದವು. 1996ರ ಜನಯೋಜನೆಯಿಂದ ರಾಜ್ಯದ ಯೋಜನಾ ಹಣದ ಮೂರನೇ ಒಂದು ಭಾಗಕ್ಕೂ ಮಿಗಿಲಾದ ಪಾಲು ಕೆಳಗಿನ ಸಭೆಗಳಿಗೆ ಇಳಿಯಿತು. ಛಾವಣಿ ಸೋರಿದರೆ ಕೇಳಬೇಕಾದ್ದು ಯಾರನ್ನು ಎಂಬ ಗೊಂದಲ ಅಲ್ಲಿ ಕಡಿಮೆ.

ಖಾಲಿ ಕುರ್ಚಿ

ಸಭೆ ಬಲವಾಗಬೇಕಾದರೆ ಮೊದಲು ಸಭೆ ಇರಬೇಕು. ಮಂಡ್ಯ ನಗರಸಭೆಯ 35 ವಾರ್ಡುಗಳಿಗೆ 2018ರ ಆಗಸ್ಟ್ 31ರಂದು ಮತದಾನವಾಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ವ್ಯಾಜ್ಯ ಕೋರ್ಟು ಸೇರಿತು. ಗೆದ್ದವರು ಅಧಿಕಾರ ಹಿಡಿದದ್ದು 2020ರ ನವೆಂಬರ್‌ನಲ್ಲಿ. ಅಧ್ಯಕ್ಷ ಸ್ಥಾನದ ಮೊದಲ ಅವಧಿ ಮುಗಿದ ಮೇಲೆ 2024ರ ಆಗಸ್ಟ್‌ವರೆಗೆ ಮತ್ತೆ ಅದೇ ಕಥೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲಂತೂ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎನ್ನುತ್ತಾ ವರ್ಷದ ಮೇಲೆ ವರ್ಷ ಉರುಳಿತು, ಚುನಾವಣೆ ನಡೆಯಲಿಲ್ಲ. ಐದು ವರ್ಷದ ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ಮತ್ತು 243ಯು ವಿಧಿಗಳು ಸ್ಪಷ್ಟವಾಗಿ ಹೇಳಿವೆ.

ಆಡಳಿತಾಧಿಕಾರಿ ಕುಳಿತಾಗ ಕಡತ ಬೇಗ ಸಾಗುತ್ತದೆ ಎನ್ನುವವರಿದ್ದಾರೆ. ಕೆಲವು ಕಡತ ಸಾಗುವುದೂ ನಿಜ. ಆದರೆ ಅಂಗನವಾಡಿ ಪಕ್ಕದ ತೆರೆದ ಚರಂಡಿಯ ಬಗ್ಗೆ ಬೆಳಿಗ್ಗೆ ಟೀ ಅಂಗಡಿಯಲ್ಲಿ ತಡೆದು ಕೇಳಲು ಆಡಳಿತಾಧಿಕಾರಿ ಸಿಗುವುದಿಲ್ಲ, ವಾರ್ಡಿನ ಸದಸ್ಯೆ ಸಿಗುತ್ತಾರೆ. 2010ರ ತಿದ್ದುಪಡಿಯಿಂದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು. ಕುರ್ಚಿ ಖಾಲಿ ಉಳಿದಾಗ ಮೊದಲು ಮೌನವಾಗುವುದು ಆ ದನಿ.

ಗ್ರಾಮಸಭೆ ಕಳೆದುಕೊಂಡರೆ

2025ರಲ್ಲಿ ಮದ್ದೂರು ಪುರಸಭೆಯನ್ನು ನಗರಸಭೆಯಾಗಿ ಮೇಲ್ದರ್ಜೆಗೇರಿಸಲು, ಅದಕ್ಕೆ ಗೆಜ್ಜಲಗೆರೆಯೂ ಸೇರಿದಂತೆ ಸುತ್ತಲ ಗ್ರಾಮ ಪಂಚಾಯಿತಿಗಳನ್ನು ಕೂಡಿಸಲು ರಾಜ್ಯ ಸರ್ಕಾರ ಮುಂದಾಯಿತು. ಕಾರಣ ಅರ್ಥವಾಗುವಂಥದ್ದೇ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನಾ ಸಮಾರಂಭ ನಡೆದದ್ದು ಗೆಜ್ಜಲಗೆರೆಯಲ್ಲಿ. ಕೈಗಾರಿಕಾ ಪ್ರದೇಶ, ಡೇರಿ, ಹೆದ್ದಾರಿ ಎಲ್ಲ ಇರುವ ಊರು ಪಟ್ಟಣಕ್ಕೆ ತೆರಿಗೆ ತರುತ್ತದೆ, ಪಟ್ಟಣಕ್ಕೆ ಹೆಚ್ಚಿನ ಅನುದಾನ ಬರುತ್ತದೆ, ಒಳಚರಂಡಿ, ಕುಡಿಯುವ ನೀರಿನ ದೊಡ್ಡ ಯೋಜನೆ ಸಾಧ್ಯವಾಗುತ್ತದೆ. ಇದು ಪರವಾದ ವಾದ. ಅದರಲ್ಲಿ ಹುರುಳಿದೆ.

ಗೆಜ್ಜಲಗೆರೆಯವರು ಮಾತ್ರ ಬೀದಿಗಿಳಿದು ಬೇಡ ಎಂದರು. ತೆರಿಗೆ ಏರುತ್ತದೆ ಎಂಬ ಅಂಜಿಕೆ ಅದರಲ್ಲಿ ಇದ್ದೇ ಇತ್ತು. ಅದಕ್ಕಿಂತ ಆಳದ ನಷ್ಟ ಇನ್ನೊಂದಿದೆ. ಪಂಚಾಯಿತಿ ವಾರ್ಡಾಗಿ ಬದಲಾದ ದಿನ ಗ್ರಾಮಸಭೆ ಇಲ್ಲವಾಗುತ್ತದೆ. ಉದ್ಯೋಗ ಖಾತ್ರಿಯ ಕೆಲಸ ಪಟ್ಟಣಕ್ಕೆ ಅನ್ವಯಿಸದು, ಆ ಕೆಲಸದ ಜೊತೆ ಹೆಣೆದ ಕೂಸಿನ ಮನೆಯ ಬುಡ ಅಲುಗುತ್ತದೆ. ಮಕ್ಕಳ ಗ್ರಾಮಸಭೆಯ ವೇದಿಕೆ ಹೋಗುತ್ತದೆ. ಮನೆಯ ಪಟ್ಟಿ ಗ್ರಾಮಸಭೆಯಿಂದ ಆಶ್ರಯ ಸಮಿತಿಗೆ ಜಾರುತ್ತದೆ. ಗ್ರಾಮಸಭೆಯ ಜಾಗಕ್ಕೆ ವಾರ್ಡ್ ಸಮಿತಿ ಬರುತ್ತದೆಯೇ ಎಂದರೆ, ಸಂವಿಧಾನದ 243ಎಸ್ ವಿಧಿ ಅದನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಜನಸಂಖ್ಯೆ ಮುಟ್ಟಿದ ನಗರಗಳಿಗೆ. 2011ರ ಜನಗಣತಿಯಲ್ಲಿ ಮಂಡ್ಯ ನಗರದ ಜನಸಂಖ್ಯೆಯೇ 1.37 ಲಕ್ಷ. ಮದ್ದೂರು, ಮಳವಳ್ಳಿಯ ಮಾತು ದೂರ ಉಳಿಯಿತು. ನಿನ್ನೆಯವರೆಗೆ ಕೈ ಎತ್ತಿ ಪ್ರಶ್ನೆ ಕೇಳುತ್ತಿದ್ದ ಹೆಣ್ಣುಮಗಳು ಇಂದು ಮತ ಹಾಕಿ ಐದು ವರ್ಷ ಕಾಯುವವಳಾಗುತ್ತಾಳೆ.

ಹಾಗಾಗಿ ಮೇಲ್ದರ್ಜೆಗೇರಿಸುವ ಯಾವ ಆದೇಶವೂ ಗ್ರಾಮಸಭೆಯಲ್ಲಿ ಓದಿ, ಚರ್ಚಿಸಿ, ಅಲ್ಲಿನ ಅಭಿಪ್ರಾಯವನ್ನು ದಾಖಲಿಸಿದ ಮೇಲೆಯೇ ಜಾರಿಗೆ ಬರಬೇಕು. ಪಟ್ಟಣ ಸೇರಿದ ಊರಿನಲ್ಲಿ ಕೂಸಿನ ಮನೆಯನ್ನು ಪೌರಸಂಸ್ಥೆಯೇ ತನ್ನ ನಿಧಿಯಿಂದ ನಡೆಸುವುದಾಗಿ ಮೊದಲೇ ನಿರ್ಣಯಿಸಬೇಕು.

ಉಳಿದ ಕೆಲಸಗಳಿಗೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಮಂಡ್ಯ ನಗರಸಭೆ, ಮಳವಳ್ಳಿ ಪುರಸಭೆ, ಮದ್ದೂರಿನ ಪೌರಸಂಸ್ಥೆ ಮನಸ್ಸು ಮಾಡಿದರೆ ಪ್ರತಿ ವಾರ್ಡಿನಲ್ಲೂ ವರ್ಷಕ್ಕೆರಡು ಬಾರಿ ತೆರೆದ ಸಭೆ ಕರೆಯಬಹುದು, ಅದರ ನಡಾವಳಿಯನ್ನು ಸಾಮಾನ್ಯ ಸಭೆಯ ಮುಂದಿಡಬಹುದು. ಆಶ್ರಯ ಸಮಿತಿಯ ಪಟ್ಟಿಯನ್ನು ಅಂತಿಮಗೊಳಿಸುವ ಮುನ್ನ ಆ ಸಭೆಯಲ್ಲಿ ಓದಿಸಬಹುದು. ಮಕ್ಕಳ ಬಾಬತ್ತಿಗೆ ಒಬ್ಬ ಸದಸ್ಯರನ್ನು ಹೆಸರಿಸಿ, ಅವರ ಫೋನ್ ಸಂಖ್ಯೆಯನ್ನು ಪ್ರತಿ ಅಂಗನವಾಡಿಯ ಬಾಗಿಲ ಮೇಲೆ ಮಕ್ಕಳ ಸಹಾಯವಾಣಿ 1098ರ ಪಕ್ಕದಲ್ಲೇ ಬರೆಸಬಹುದು.

ಪಂಚಾಯಿತಿಗಳ ಮುಂದೆಯೂ ತುರ್ತಿನ ಕೆಲಸವೊಂದಿದೆ. ಕಬ್ಬಿನ ಹಂಗಾಮು ಶುರುವಾದರೆ ಬಳ್ಳಾರಿ ಕಡೆಯಿಂದ ಕಡಿಯುವವರ ತಂಡಗಳು ಬರುತ್ತವೆ, ಗದ್ದೆ ಬದಿಯಲ್ಲಿ, ನಾಲೆ ಏರಿಯ ಪಕ್ಕದಲ್ಲಿ ಟಾರ್ಪಾಲಿನ ಬಿಡಾರ ಎದ್ದೇಳುತ್ತದೆ. ಆ ಮಕ್ಕಳ ಹೆಸರು ಇಲ್ಲಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಅವರ ಊರಿನ ಪಟ್ಟಿಯಲ್ಲಿದ್ದರೂ ಅವರು ಅಲ್ಲಿರುವುದಿಲ್ಲ. ಆರು ವರ್ಷದೊಳಗಿನ 40 ಮಕ್ಕಳಿರುವ ಯಾವುದೇ ವಸತಿಯ ಜನ ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದೆ. ಬಿಡಾರದ ಜನಕ್ಕೆ ಆ ಆದೇಶ ಗೊತ್ತಿಲ್ಲ, ಮೂರು ತಿಂಗಳು ಒಂದೇ ಕಡೆ ನಿಲ್ಲುವ ಸ್ಥಿತಿಯೂ ಅವರದಲ್ಲ. ಅವರ ಪರವಾಗಿ ಪಂಚಾಯಿತಿಯೇ ಕೇಳಬೇಕು. ಹಂಗಾಮಿಗೆ ಮುಂಚಿನ ಗ್ರಾಮಸಭೆಯಲ್ಲಿ ಯಾವ ಬಿಡಾರಕ್ಕೆ ಯಾವ ಅಂಗನವಾಡಿ ಹತ್ತಿರ, ಎಷ್ಟು ಮಕ್ಕಳಿಗೆ ಹೆಚ್ಚುವರಿ ಹಾಲು, ಊಟ ಬೇಕು, ಕುಡಿಯುವ ನೀರಿನ ಟ್ಯಾಂಕು ಎಲ್ಲಿ ಇಡಬೇಕು ಎಂದು ತೀರ್ಮಾನಿಸಿ ಇಲಾಖೆಗೆ ಬರೆದರೆ, ಕಬ್ಬಿನ ಮೊದಲ ಗಾಡಿ ಕಾರ್ಖಾನೆಗೆ ಹೊರಡುವ ಹೊತ್ತಿಗೆ ಆ ಮಕ್ಕಳ ತಟ್ಟೆಗೆ ಬಿಸಿಯೂಟ ಬಡಿಸಲು ಸಾಧ್ಯ.